ಟಿಕೆಟ್ ಮಾರದೆ ವಿಮಾನ ಕಂಪನಿ ಬೆಳೆಯುವುದು ಹೇಗೆ? ತೋರಣಗಲ್ಲಿಗೆ ಅದು ಹೊಂದುತ್ತದೆಯೇ?

ಪ್ರಶ್ನೆ: ಗಂಗಾವತಿ ವಾಣಿಜ್ಯ ವಿದ್ಯಾರ್ಥಿ

ನಮಸ್ಕಾರ. ಎಂ.ಕಾಂ. ಸೆಮಿನಾರಿಗೆ ಅಮೆರಿಕದ ಸ್ಕೈವೆಸ್ಟ್ ಇಂಕ್ ಎಂಬ ಹೋಲ್ಡಿಂಗ್ ಕಂಪನಿಯನ್ನು (ಬೇರೆ ಕಂಪನಿಗಳ ಒಡೆತನ ಹೊಂದಿರುವ ಕಂಪನಿ) ಆರಿಸಿಕೊಂಡಿದ್ದೇನೆ. 1972ರಲ್ಲಿ ಯೂಟಾ ರಾಜ್ಯದ ಸೇಂಟ್ ಜಾರ್ಜ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಸಂಸ್ಥೆ ಈಗ ಸುಮಾರು 500 ವಿಮಾನಗಳನ್ನು ನಡೆಸುತ್ತಿದೆ. ಆದರೆ ವಿಮಾನದ ಮೈಮೇಲೆ ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕಾ ಎಂಬ ಬೇರೆ ಕಂಪನಿಗಳ ಬಣ್ಣ. ಟಿಕೆಟ್ ಮಾರುವವರೂ ಬಹುಪಾಲು ಅವರೇ. ಹಾಗಾದರೆ ಇವರಿಗೆ ಹಣ ಎಲ್ಲಿಂದ ಬರುತ್ತದೆ? ಹೋಲ್ಡಿಂಗ್ ಕಂಪನಿಯ ಅಗತ್ಯವೇನು? ಬಳ್ಳಾರಿ ಸಮೀಪದ ತೋರಣಗಲ್ಲಿನಿಂದ ಹಾರುತ್ತಿದ್ದ ಟ್ರೂಜೆಟ್ ಎಂಬ ವಿಮಾನ ಕಂಪನಿ ಏಕೆ ಉಳಿಯಲಿಲ್ಲ? ತಿಳಿದವರು ಬಿಡಿಸಿ ಹೇಳಬೇಕು.

ಉತ್ತರ: ಬಳ್ಳಾರಿ ಜೀನ್ಸ್ ಘಟಕ

ತಮ್ಮಾ, ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುವವನು. ಹೈದರಾಬಾದಿಗೂ ಬೆಂಗಳೂರಿಗೂ ಓಡಾಟ ತಪ್ಪಿದ್ದಲ್ಲ. ನಮ್ಮ ಭಾಗಕ್ಕೆ ವಿಮಾನ ಬಂದು ನಿಲ್ಲಬೇಕು ಎಂಬ ಆಸೆಯಿಂದ ಇಂಥ ಕಂಪನಿಗಳ ವಾರ್ಷಿಕ ವರದಿಗಳನ್ನು ಹಟ ಹಿಡಿದು ಓದುತ್ತೇನೆ.

ನಿನ್ನ ಮೊದಲ ಪ್ರಶ್ನೆ ನನಗೆ ದಿನವೂ ಎದುರಾಗುವ ಲೆಕ್ಕ. ಜಾಬ್ ವರ್ಕ್ ಹಿಡಿದರೆ ಬಟ್ಟೆ ಬ್ರ್ಯಾಂಡಿನವರದು, ಜಿಪ್ಪು ಲೇಬಲ್ ಅವರವು, ಮಾಲು ಮಾರಾಟವಾಗದೆ ಉಳಿದರೆ ನಷ್ಟವೂ ಅವರದು. ನಮಗೆ ಪೀಸಿಗೆ ಇಷ್ಟು ಎಂಬ ಕೂಲಿ. ಸ್ಕೈವೆಸ್ಟ್‌ನ ಆದಾಯದ ದೊಡ್ಡ ಪಾಲು ಹೀಗೆಯೇ ಬರುತ್ತದೆ. ದೊಡ್ಡ ಕಂಪನಿಯು ಒಂದು ವಿಮಾನಕ್ಕೆ ತಿಂಗಳಿಗೆ ಇಷ್ಟು, ನಿಲ್ದಾಣ ಬಿಟ್ಟ ಕ್ಷಣದಿಂದ ಮುಂದಿನ ನಿಲ್ದಾಣದಲ್ಲಿ ನಿಲ್ಲುವವರೆಗಿನ ಗಂಟೆಗೆ ಇಷ್ಟು, ಪ್ರತಿ ಹಾರಾಟಕ್ಕೆ ಇಷ್ಟು ಎಂದು ಕೊಡುತ್ತದೆ. ಇಂಧನದ ಖರ್ಚು ದೊಡ್ಡ ಕಂಪನಿಯ ತಲೆಯ ಮೇಲೆ. ಆಸನಗಳು ಖಾಲಿ ಹೋದರೂ ಸ್ಕೈವೆಸ್ಟ್‌ಗೆ ಹಣ ಬರುತ್ತದೆ. ವಿಮಾನ ಹೊತ್ತಿಗೆ ಸರಿಯಾಗಿ ಹಾರಬೇಕು, ಪೈಲಟ್ ಇರಬೇಕು, ದುರಸ್ತಿ ಚೆನ್ನಾಗಿರಬೇಕು. ಅಷ್ಟೇ ಅವರ ಕೆಲಸ, ಅದನ್ನು ಅವರು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.

ಈ ನಂಟು ಒಮ್ಮೆಲೇ ಕುದುರಲಿಲ್ಲ. 1980ರ ದಶಕದ ಮಧ್ಯದಲ್ಲಿ ವೆಸ್ಟರ್ನ್ ಏರ್‌ಲೈನ್ಸ್ ಜೊತೆ ಕೈಜೋಡಿಸಿದರು. 1987ರಲ್ಲಿ ವೆಸ್ಟರ್ನ್ ಡೆಲ್ಟಾದಲ್ಲಿ ಲೀನವಾದಾಗ ಡೆಲ್ಟಾದ ಪಾಲುದಾರರಾದರು, 1997ರಲ್ಲಿ ಯುನೈಟೆಡ್ ಸೇರಿತು. ಒಬ್ಬನೇ ಗಿರಾಕಿಯನ್ನು ನೆಚ್ಚಿ ಕೂರಬಾರದೆಂದು ಅಷ್ಟು ಬೇಗ ಅರಿತದ್ದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ.

ಇನ್ನು ಹೋಲ್ಡಿಂಗ್ ಕಂಪನಿ. 2005ರಲ್ಲಿ 42.5 ಕೋಟಿ ಡಾಲರ್ ಕೊಟ್ಟು ಡೆಲ್ಟಾದಿಂದ ಅಟ್ಲಾಂಟಿಕ್ ಸೌತ್‌ಈಸ್ಟ್ ಏರ್‌ಲೈನ್ಸ್ ಅನ್ನು, 2010ರಲ್ಲಿ ಎಕ್ಸ್‌ಪ್ರೆಸ್‌ಜೆಟ್ ಅನ್ನು ಕೊಂಡರು. ಆ ಎರಡನ್ನು ಒಂದುಗೂಡಿಸಿದರು, ಆದರೆ ಮೂಲದ ಸ್ಕೈವೆಸ್ಟ್ ಏರ್‌ಲೈನ್ಸ್‌ನೊಳಗೆ ಕರಗಿಸಲಿಲ್ಲ. ಪರವಾನಗಿ ಬೇರೆ, ಪೈಲಟ್‌ಗಳ ಸಂಬಳದ ಒಪ್ಪಂದ ಬೇರೆ, ಮೇಲೆ ಒಡೆತನ ಮಾತ್ರ ಒಂದೇ. ಎಕ್ಸ್‌ಪ್ರೆಸ್‌ಜೆಟ್ ನಷ್ಟಕ್ಕೆ ಇಳಿದಾಗ 2019ರ ಜನವರಿಯಲ್ಲಿ ಅದನ್ನು ಇಡಿಯಾಗಿ ಮಾರಿ ಕೈತೊಳೆದುಕೊಂಡರು. 2022ರಲ್ಲಿ ಅದು ದಿವಾಳಿಯಾಯಿತು, ಸ್ಕೈವೆಸ್ಟ್ ಉಳಿಯಿತು. ವಿಮಾನ, ಎಂಜಿನ್‌ಗಳನ್ನು ಬಾಡಿಗೆಗೆ ಕೊಡಲು ಮತ್ತೊಂದು ಅಂಗಸಂಸ್ಥೆಯೂ ಅವರಿಗಿದೆ.

ಉತ್ತರ: ರಾಯಚೂರು ನಿವೃತ್ತ ಬ್ಯಾಂಕರ್

ಜೀನ್ಸ್ ಘಟಕದ ಮಾಲೀಕರು ಚೆನ್ನಾಗಿ ವಿವರಿಸಿದ್ದಾರೆ. ಆದರೆ ಕೂಲಿಯ ಲೆಕ್ಕದಲ್ಲಿ ನಡೆಯುವ ವ್ಯಾಪಾರದಲ್ಲಿ ಖರ್ಚು ಇಳಿಸುವ ಒತ್ತಡ ಕೊನೆಗೆ ಕೆಲಸಗಾರನ ಮೇಲೆ ಬೀಳುತ್ತದೆ ಎಂಬುದನ್ನೂ ವಿದ್ಯಾರ್ಥಿ ಬರೆಯಬೇಕು. 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ನಗರದ ಸಮೀಪ ಕೋಲ್ಗನ್ ಏರ್ ಎಂಬ ಇಂಥದೇ ಪ್ರಾದೇಶಿಕ ಕಂಪನಿಯ ವಿಮಾನ ಬಿದ್ದು 50 ಜನ ಸತ್ತರು. ಹಾರುತ್ತಿದ್ದದ್ದು ಕಾಂಟಿನೆಂಟಲ್ ಹೆಸರಿನಲ್ಲಿ, ಕೋಲ್ಗನ್‌ನ ಒಡೆತನ ಪಿನಾಕಲ್ ಎಂಬ ಹೋಲ್ಡಿಂಗ್ ಕಂಪನಿಯದು. ತನಿಖೆಯ ವೇಳೆ ಪೈಲಟ್‌ಗಳ ದಣಿವು, ಕಡಿಮೆ ಸಂಬಳ ಎಲ್ಲವೂ ಚರ್ಚೆಗೆ ಬಂದವು. ಆಮೇಲೆ ಸಹ ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟದ ಅನುಭವ ಬೇಕೆಂಬ ನಿಯಮ ಬಂತು. ಪಿನಾಕಲ್ 2012ರಲ್ಲಿ, ಇಂಥದೇ ಮತ್ತೊಂದು ಕಂಪನಿ ರಿಪಬ್ಲಿಕ್ ಏರ್‌ವೇಸ್ 2016ರಲ್ಲಿ ದಿವಾಳಿ ಅರ್ಜಿ ಹಾಕಿದವು. ಗೆದ್ದ ಕಂಪನಿಯೊಂದನ್ನೇ ನೋಡಿ ಇಡೀ ಉದ್ಯಮವನ್ನು ಅಳೆಯಬೇಡಿ.

ಉತ್ತರ: ಬಳ್ಳಾರಿ ಜೀನ್ಸ್ ಘಟಕ

ಸರ್, ನಿಮ್ಮ ಮಾತು ನೂರಕ್ಕೆ ನೂರು ಸರಿ. ನನ್ನ ಟೈಲರ್‌ಗಳ ಕೂಲಿ ಕಡಿದು ನಾನು ಆರ್ಡರ್ ಹಿಡಿದರೆ ಹೊಲಿಗೆ ಕೆಡುತ್ತದೆ. ವಿಮಾನದಲ್ಲಿ ಕೆಡುವುದು ಜೀವ.

ತೋರಣಗಲ್ಲಿನ ವಿಷಯಕ್ಕೆ ಬರುತ್ತೇನೆ, ನನ್ನ ಹೊಟ್ಟೆ ಉರಿಯುವುದು ಅಲ್ಲಿಯೇ. ರನ್‌ವೇ ಜಿಂದಾಲ್‌ನವರದು, ಸಿದ್ಧವಿದೆ. ಉಕ್ಕಿನ ಕಾರ್ಖಾನೆ ಇದೆ, ಹಂಪಿ ಪಕ್ಕದಲ್ಲಿದೆ. ಹೈದರಾಬಾದಿನ ಟ್ರೂಜೆಟ್ 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ಸೇವೆ ತರುವ ಕೇಂದ್ರದ ಉಡಾನ್ ಯೋಜನೆಯಡಿ ಎಟಿಆರ್ 72 ಎಂಬ ಸಣ್ಣ ವಿಮಾನ ತಂದಿತು, 2022ರ ಫೆಬ್ರವರಿಯಲ್ಲಿ ಕಂಪನಿಯ ಹಾರಾಟವೇ ನಿಂತಿತು. ಉಡಾನ್‌ನಲ್ಲಿ ಒಂದಷ್ಟು ಆಸನಗಳಿಗೆ ದರದ ಮಿತಿ ಹಾಕಿ, ಕೊರತೆ ತುಂಬಲು ಮೂರು ವರ್ಷ ಸಹಾಯಧನ ಕೊಡುತ್ತಾರೆ. ಆದರೆ ಇಂಧನ, ವಿಮಾನದ ಬಾಡಿಗೆ, ಖಾಲಿ ಆಸನ ಎಲ್ಲದರ ಹೊರೆಯೂ ಸಣ್ಣ ಕಂಪನಿಯ ಮೇಲೆಯೇ. ಬೆಂಗಳೂರಿಗೆ ಹೋಗುವವನಿಗೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಇದೆ, ಮಲಗಿ ಎದ್ದರೆ ಊರು ಬರುತ್ತದೆ. ಅದರೊಡನೆ ಪೈಪೋಟಿ ಮಾಡಿ ಟಿಕೆಟ್ ಮಾರುವುದು ಸುಲಭವಲ್ಲ. ಮಹಾಲೇಖಪಾಲರ 2023ರ ವರದಿ ನೋಡು ತಮ್ಮಾ: ಉಡಾನ್‌ನ ಮೊದಲ ಮೂರು ಹಂತಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದವು 112 ಮಾತ್ರ.

ಉತ್ತರ: ಗಂಗಾವತಿ ವಾಣಿಜ್ಯ ವಿದ್ಯಾರ್ಥಿ

ಇಬ್ಬರಿಗೂ ಧನ್ಯವಾದಗಳು. ಅಣ್ಣಾ, ಹಾಗಿದ್ದರೆ ಇಂಡಿಗೋದಂಥ ದೊಡ್ಡ ಕಂಪನಿ ನಮ್ಮ ಸಣ್ಣ ಕಂಪನಿಗಳಿಗೆ ಜಾಬ್ ವರ್ಕ್ ಏಕೆ ಕೊಡಬಾರದು?

ಉತ್ತರ: ಬಳ್ಳಾರಿ ಜೀನ್ಸ್ ಘಟಕ

ಕೊಡುವುದಿಲ್ಲ ಎಂದೇ ನನ್ನ ಅನಿಸಿಕೆ. ಅಮೆರಿಕದಲ್ಲಿ ದೊಡ್ಡ ಕಂಪನಿಗಳ ಪೈಲಟ್ ಸಂಘಗಳು ಹೊರಗಿನವರಿಗೆ ಕೊಡುವ ವಿಮಾನ ಎಷ್ಟು ದೊಡ್ಡದಿರಬಹುದು ಎಂದು ಒಪ್ಪಂದದಲ್ಲೇ ಗೆರೆ ಎಳೆದಿವೆ, ಸಾಮಾನ್ಯವಾಗಿ 76 ಆಸನ. ಅದರ ಕೆಳಗಿನ ವಿಮಾನಗಳನ್ನು ಕಡಿಮೆ ಸಂಬಳದ ಪ್ರಾದೇಶಿಕ ಕಂಪನಿಗೆ ಬಿಡುವುದು ಅವರಿಗೆ ಲಾಭ. ಇಲ್ಲಿ ಇಂಡಿಗೋ 2017ರಿಂದ ತಾನೇ ಎಟಿಆರ್ ಹಾರಿಸುತ್ತಿದೆ. ಏರ್ ಇಂಡಿಯಾ ಟಾಟಾ ಪಾಲಾದಾಗಲೂ ಅದರ ಪ್ರಾದೇಶಿಕ ಅಂಗಸಂಸ್ಥೆಯಾಗಿದ್ದ ಅಲಯನ್ಸ್ ಏರ್ ಅದರೊಡನೆ ಹೋಗಲಿಲ್ಲ, ಸರ್ಕಾರದ ಹೋಲ್ಡಿಂಗ್ ಕಂಪನಿಯಲ್ಲೇ ಉಳಿಯಿತು.

ಆದರೆ ಅವರಿಂದ ತರಬಹುದಾದದ್ದು ಒಂದಿದೆ. ಅಲ್ಲಿ ಸಣ್ಣ ಊರುಗಳಿಗೆ ಸಹಾಯಧನದ ವಿಮಾನ ಸೇವೆ 1978ರಿಂದ ಇದೆ. 2022ರ ಮಾರ್ಚ್‌ನಲ್ಲಿ ಪೈಲಟ್ ಕೊರತೆಯಿಂದ ಸ್ಕೈವೆಸ್ಟ್ ಅಂಥ 29 ಊರುಗಳನ್ನು ಬಿಡುತ್ತೇನೆಂದಿತು. ಆದರೆ 90 ದಿನ ಮೊದಲೇ ನೋಟಿಸ್ ಕೊಡಬೇಕಾಯಿತು, ಬದಲಿ ಕಂಪನಿ ಸಿಗುವವರೆಗೆ ಹಾರಾಟ ಮುಂದುವರಿಸಲು ಸಾರಿಗೆ ಇಲಾಖೆ ಆದೇಶಿಸಿತು. ತೋರಣಗಲ್ಲಿಗೆ ಬೇಕಿರುವುದು ಇಂಥ ಷರತ್ತು. ನಮ್ಮ ಸಂಸದರು ದೆಹಲಿಯಲ್ಲಿ ಹೊಸ ಮಾರ್ಗ ಕೇಳುವ ಮೊದಲು ಇದನ್ನು ಕೇಳಬೇಕು.

ಸೆಮಿನಾರಿಗೆ ಸ್ಕೈವೆಸ್ಟ್ ವರದಿಯಲ್ಲಿ ಆದಾಯವನ್ನು ಎರಡಾಗಿ ಒಡೆದ ಪಟ್ಟಿ ತೆಗೆ: ಒಪ್ಪಂದದ ಕೂಲಿ ಒಂದು ಕಡೆ, ಟಿಕೆಟ್ ಹಣ ಹಂಚಿಕೊಂಡು ತಾವೇ ಖರ್ಚು ಹೊರುವ ಹಾರಾಟ ಇನ್ನೊಂದು ಕಡೆ. ಆ 29 ಊರುಗಳು ಎರಡನೆಯ ಗುಂಪಿನವು. ಅವರು ಮೊದಲು ಬಿಡಲು ಹೊರಟದ್ದು ಯಾವುದನ್ನು ಎಂಬುದು ಅಲ್ಲಿ ಕಾಣುತ್ತದೆ.