ಹುಟ್ಟಿದಾಗ ಮಗು ಅಳಲಿಲ್ಲ, ಕೂಲಿಂಗ್ ಚಿಕಿತ್ಸೆಗೆ ಬೆಂಗಳೂರಿಗೆ ಒಯ್ಯಬೇಕಾ?

ಸೋದರಮಾವ:
ನಮಸ್ಕಾರ. ನಿನ್ನೆ ಬೆಳಗಿನ ಜಾವ ನನ್ನ ತಂಗಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಆಯಿತು. ತಿಂಗಳು ತುಂಬಿದ ಮಗು, ತೂಕವೂ ಚೆನ್ನಾಗಿದೆ, ಆದರೆ ಅಳಲೇ ಇಲ್ಲ, ಮಾಸ್ಕ್ ಇಟ್ಟು ಬ್ಯಾಗ್ ಒತ್ತಿದ ಮೇಲೆ ಉಸಿರು ಬಂತು. ಜಿಲ್ಲೆಯ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ರಾತ್ರಿ ಫಿಟ್ಸ್ ಬಂದಿದೆ. ಮೆದುಳಿಗೆ ಆಮ್ಲಜನಕ ಸಾಲದೆ ಪೆಟ್ಟಾಗಿದೆ, ಇದಕ್ಕೆ ಎಚ್‌ಐಇ ಅಂತಾರಂತೆ, ಎರಡನೇ ಹಂತ, ಅಂದರೆ ಮಧ್ಯಮ ಮಟ್ಟದ್ದು ಅಂದರು. ಮೈ ತಣ್ಣಗೆ ಮಾಡುವ ಚಿಕಿತ್ಸೆ ಇದೆಯಂತೆ, ಇಲ್ಲಿ ಮಾಡಿಲ್ಲ. ಸಾಲ ಮಾಡಿಯಾದರೂ ಬೆಂಗಳೂರಿಗೆ ಕರ್ಕೊಂಡು ಹೋಗಬೇಕಾ? ತಂಗಿ ತನ್ನಿಂದಲೇ ಹೀಗಾಯಿತು ಅಂತ ಅಳುತ್ತಿದ್ದಾಳೆ, ಹಾಲೂ ಹಿಂಡುತ್ತಿಲ್ಲ.

ಮಕ್ಕಳ ಡಾಕ್ಟರ್:
ಕೂಲಿಂಗ್ ಒಂದಕ್ಕೋಸ್ಕರ ಒಯ್ಯಬೇಡಿ. ಮೊದಲ ಪೆಟ್ಟಿನ ನಂತರ ಮೆದುಳು ಕೆಲವು ಗಂಟೆ ಚೇತರಿಸಿಕೊಂಡಂತೆ ಇದ್ದು, ಆಮೇಲೆ ಜೀವಕೋಶಗಳು ಮತ್ತೆ ಸಾಯತೊಡಗುತ್ತವೆ. ಆ ಎರಡನೇ ಏಟನ್ನು ತಡೆಯುವುದೇ ಕೂಲಿಂಗ್. ಅದಕ್ಕೇ ಹುಟ್ಟಿದ 6 ಗಂಟೆಯೊಳಗೆ ಶುರು ಮಾಡಿ, ಮಗುವಿನ ಮೈ 33.5 ಡಿಗ್ರಿ ಆಸುಪಾಸಿನಲ್ಲಿ 72 ಗಂಟೆ ಇಡುತ್ತಾರೆ, ಆಮೇಲೆ ನಿಧಾನವಾಗಿ ಬೆಚ್ಚಗೆ ಮಾಡುತ್ತಾರೆ. ನಿಮಗೆ ಆ ಹೊತ್ತು ದಾಟಿದೆ.

ಇನ್ನೊಂದು ಮಾತು. ಶ್ರೀಮಂತ ದೇಶಗಳಲ್ಲಿ ಇದರಿಂದ ನಿಜಕ್ಕೂ ಲಾಭ ಆಗಿದೆ, ಏಳು ಮಕ್ಕಳಿಗೆ ಮಾಡಿದರೆ ಒಂದು ಮಗು ಸಾವಿನಿಂದಲೋ ದೊಡ್ಡ ಅಂಗವೈಕಲ್ಯದಿಂದಲೋ ಪಾರಾಗುತ್ತದೆ. ಆದರೆ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಮಕ್ಕಳ ಮೇಲೆ ನಡೆದ ಹೆಲಿಕ್ಸ್ ಅಧ್ಯಯನ 2021ರಲ್ಲಿ ಬಂತು. ಕೂಲಿಂಗ್ ಪಡೆದವರಲ್ಲಿ 42% ಮಕ್ಕಳು ತೀರಿಕೊಂಡರು, ಪಡೆಯದವರಲ್ಲಿ 31%. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಪೆಟ್ಟು ಹೆರಿಗೆಯ ಕೊನೇ ಗಳಿಗೆಯಲ್ಲಿ ಆಗಿರುವುದಿಲ್ಲ, ಗಂಟೆಗಟ್ಟಲೆ ಮೊದಲೇ ಶುರುವಾಗಿರುತ್ತದೆ ಅನ್ನುವುದು ಒಂದು ವಿವರಣೆ. ಆದ್ದರಿಂದ ಮಾಡಿಲ್ಲ ಅಂದ ಮಾತ್ರಕ್ಕೆ ಅಲ್ಲಿನವರು ಅಸಡ್ಡೆ ಮಾಡಿದರು ಅಂದುಕೊಳ್ಳಬೇಡಿ.

ಈಗ ಮುಖ್ಯವಾದದ್ದು ಬೇರೆ. ಫಿಟ್ಸ್ ನಿಲ್ಲಬೇಕು, ಶುಗರ್ ಇಳಿಯಬಾರದು, ಬಿಪಿ ಮತ್ತು ಉಸಿರಾಟ ಹದದಲ್ಲಿರಬೇಕು, ಮೈ ಬಿಸಿಯಂತೂ ಜಾಸ್ತಿ ಏರಲೇಬಾರದು. ಇವು ಅಲ್ಲೇ ಆಗುತ್ತಿವೆಯಾ ಕೇಳಿ. ವೆಂಟಿಲೇಟರ್ ಬೇಕಾಗಿ ಅಲ್ಲಿ ಇಲ್ಲದಿದ್ದರೆ ಮಾತ್ರ ಅವರೇ ಕಳಿಸಲಿ, ಫಿಟ್ಸ್ ಬರುತ್ತಿರುವ ಮಗುವನ್ನು ನೀವಾಗಿ ಎತ್ತಿಕೊಂಡು ಹೊರಡಬೇಡಿ. ಎಂಆರ್‌ಐ ಮೊದಲ ವಾರದ ಕೊನೆಗೆ ಮಾಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಒಬ್ಬ ಅಮ್ಮ:
ಅಣ್ಣಾ, ನನ್ನ ಮಗನಿಗೂ ಎರಡನೇ ಹಂತವೇ ಇತ್ತು. ಈಗ ಅಂಗನವಾಡಿಗೆ ಹೋಗುತ್ತಾನೆ. ನಡೆದಿದ್ದು ತಡ, ಮಾತೂ ತಡ. ಎಲ್ಲ ಮಕ್ಕಳೂ ಹೀಗೇ ಆಗ್ತಾರೆ ಅಂತ ಹೇಳಲಾರೆ, ಅದೇ ವಾರ್ಡಿನಲ್ಲಿದ್ದ ಇನ್ನೊಂದು ಮಗುವಿಗೆ ಕತ್ತೇ ನಿಲ್ಲಲಿಲ್ಲ. ಮನೆಗೆ ಬಂದ ಮೇಲೆ ಚೆನ್ನಾಗಿದೆ ಅಂತ ಫಾಲೋಅಪ್ ಮಾತ್ರ ಬಿಡಬೇಡಿ. ನನ್ನ ಮಗ ಹೆಬ್ಬೆರಳು ಒಳಗೆ ಮಡಚಿ ಮುಷ್ಟಿ ಬಿಗಿ ಹಿಡಿದೇ ಇರುತ್ತಿದ್ದ. ನಾವು ಎಲ್ಲ ಕೂಸುಗಳೂ ಹಾಗೇ ಅಂತಿದ್ದೆವು, ಫಿಸಿಯೋಥೆರಪಿ ಮೇಡಂ ನೋಡಿದ ತಕ್ಷಣ ವ್ಯಾಯಾಮ ಶುರು ಮಾಡಿಸಿದರು. ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ ಅಂತ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ ಇರುತ್ತದೆ, ಫಿಸಿಯೋ ಎಲ್ಲ ಅಲ್ಲೇ ಉಚಿತ. ಕಿವಿ, ಕಣ್ಣು ಪರೀಕ್ಷೆಯನ್ನೂ ಬಿಡದೆ ಮಾಡಿಸಿ.

ಎನ್‌ಐಸಿಯು ಸಿಸ್ಟರ್:
ತಂಗಿಗೆ ಹೇಳಿ, ಹೊಕ್ಕುಳ ಬಳ್ಳಿ ಒತ್ತಿಹೋಗುವುದು, ಮಾಸು ಬೇಗ ಬಿಡುವುದು, ಇವೆಲ್ಲ ಅವರ ಕೈಯಲ್ಲಿಲ್ಲ. ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಲಿ, ರಾತ್ರಿಯೂ. ಮೊದಲು ನಾಲ್ಕು ಹನಿ ಬಂದರೂ ಚೆಲ್ಲದೆ ಸಿಸ್ಟರ್ ಕೈಗೆ ಕೊಡಿ, ಡಾಕ್ಟರ್ ಒಪ್ಪಿದ ಮೇಲೆ ಟ್ಯೂಬ್‌ನಲ್ಲಿ, ಆಮೇಲೆ ಒಳಲೆಯಲ್ಲಿ ಕುಡಿಸುತ್ತಾರೆ. ಮನೆಯವರು ಜೇನುತುಪ್ಪ, ಬಜೆ ಅಂತ ಬಾಯಿಗೆ ಇಡುವುದು ಬೇಡವೇ ಬೇಡ.

ಸೋದರಮಾವ:
ಎಲ್ಲರಿಗೂ ಥ್ಯಾಂಕ್ಸ್. ಬೆಂಗಳೂರಿನ ಯೋಚನೆ ಸದ್ಯಕ್ಕೆ ಬಿಟ್ಟಿದ್ದೇವೆ. ಔಷಧಿ ಕೊಟ್ಟ ಮೇಲೆ ಬೆಳಗಿನಿಂದ ಫಿಟ್ಸ್ ಬಂದಿಲ್ಲ ಅಂದರು. ಎಂಆರ್‌ಐ ಯಾವತ್ತು ಅಂತ ಸಂಜೆ ರೌಂಡ್ಸ್‌ನಲ್ಲಿ ಕೇಳುತ್ತೇನೆ.