ಸಣ್ಣ ಗೇಮಿಂಗ್ ಚಾನೆಲ್‌ಗೆ ನೋಡುಗರನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ):
ನಮಸ್ಕಾರ ಸರ್. ನಾನು ಇಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಮೊಬೈಲ್ ಆಟ) ಆಡುತ್ತಾ ಕನ್ನಡದಲ್ಲಿಯೇ ಕಾಮೆಂಟ್ರಿ ಹೇಳಿ, ಆ ವಿಡಿಯೊಗಳನ್ನು ನನ್ನ ಯೂಟ್ಯೂಬ್ ಚಾನೆಲ್‌ಗೆ ಹಾಕುತ್ತೇನೆ. ಸಬ್‌ಸ್ಕ್ರೈಬರ್‌ಗಳು ಇನ್ನೂರರ ಆಸುಪಾಸಿನಲ್ಲಿದ್ದು, ಅವರಲ್ಲಿ ಹೆಚ್ಚಿನವರು ಬಂಧುಗಳು ಮತ್ತು ಸಹಪಾಠಿಗಳು. ಹೊಸ ವಿಡಿಯೊ ಹಾಕಿದಾಗಲೆಲ್ಲ ಅದರ ಲಿಂಕನ್ನು ನಾನಿರುವ ಎಲ್ಲ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಫೇಸ್‌ಬುಕ್ ಗುಂಪುಗಳಿಗೂ ಕಳುಹಿಸುತ್ತೇನೆ. ನೋಡುವವರು ಹೆಚ್ಚಾಗಿಲ್ಲ, ಆಟಗಾರರು ಗುಂಪಾಗಿ ಮಾತನಾಡುವ ಡಿಸ್ಕಾರ್ಡ್ ಆ್ಯಪ್‌ನ ಒಂದು ಸರ್ವರ್‌ನಿಂದ (ಗುಂಪಿನಿಂದ) ನನ್ನನ್ನು ಹೊರಗೂ ಹಾಕಿದ್ದಾರೆ. ‘ನೀನು ನನ್ನದನ್ನು ಸಬ್‌ಸ್ಕ್ರೈಬ್ ಮಾಡು, ನಾನು ನಿನ್ನದನ್ನು ಮಾಡುತ್ತೇನೆ’ ಎನ್ನುವ ಗುಂಪಿಗೆ ಸೇರೋಣ ಎಂದು ಗೆಳೆಯನೊಬ್ಬ ಹೇಳುತ್ತಿದ್ದಾನೆ. ಸೇರಬಹುದೇ? ಇಲ್ಲದಿದ್ದರೆ ಬೇರೆ ದಾರಿ ಯಾವುದು?

ಉತ್ತರ (ಡಿಜಿಟಲ್ ಪ್ರಚಾರದ ವೃತ್ತಿಯವರು, ಧಾರವಾಡ):
ನಮಸ್ಕಾರ. ಗೆಳೆಯರ ಸಲಹೆಯನ್ನು ಮೊದಲು ಬದಿಗಿಡಿ. ಪರಸ್ಪರ ಸಬ್‌ಸ್ಕ್ರೈಬ್ ಮಾಡಿಕೊಳ್ಳುವುದನ್ನು ಯೂಟ್ಯೂಬ್‌ನ ನಿಯಮಗಳೇ ನಿಷೇಧಿಸಿವೆ. ನಿಯಮವನ್ನು ಮರೆತು ಬರೀ ಲೆಕ್ಕ ಹಾಕಿದರೂ ಅದರಿಂದ ಏನೂ ಗಿಟ್ಟುವುದಿಲ್ಲ. ಜಾಹೀರಾತಿನ ಆದಾಯ ಬರಬೇಕಾದರೆ 1000 ಸಬ್‌ಸ್ಕ್ರೈಬರ್‌ಗಳ ಜೊತೆಗೆ, ಹಿಂದಿನ 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಇರಬೇಕು. ಅಥವಾ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬರಬೇಕು. 4000 ಗಂಟೆ ಎಂದರೆ 2,40,000 ನಿಮಿಷ. ನಿಮ್ಮ ಹತ್ತು ನಿಮಿಷದ ವಿಡಿಯೊವನ್ನು ಜನ ಸರಾಸರಿ ನಾಲ್ಕು ನಿಮಿಷ ನೋಡುತ್ತಾರೆಂದು ಇಟ್ಟುಕೊಂಡರೂ ವರ್ಷಕ್ಕೆ 60,000 ವೀಕ್ಷಣೆಗಳು ಬೇಕಾಗುತ್ತವೆ. ಮುಯ್ಯಿಗೆ ಮುಯ್ಯಿ ಎಂದು ಬಂದ ಸಬ್‌ಸ್ಕ್ರೈಬರ್ ಇದರಲ್ಲಿ ಒಂದು ನಿಮಿಷವನ್ನೂ ಕೊಡುವುದಿಲ್ಲ, ಏಕೆಂದರೆ ಅವನ ಕಣ್ಣು ಅವನ ಚಾನೆಲ್‌ನ ಸಂಖ್ಯೆಯ ಮೇಲೆಯೇ ಇರುತ್ತದೆ.

ಬಂಧುಗಳ ವಿಷಯವೂ ಬೇರೆಯಲ್ಲ. ಯೂಟ್ಯೂಬ್ ಯಾರಿಗೆ ಯಾವ ವಿಡಿಯೊ ತೋರಿಸಬೇಕೆಂಬುದನ್ನು ನೋಡುವವರ ರುಚಿಯ ಮೇಲೆ ನಿರ್ಧರಿಸುತ್ತದೆ. ಸದಾ ಅಡುಗೆಯ ವಿಡಿಯೊ ನೋಡುವ ನಿಮ್ಮ ಚಿಕ್ಕಮ್ಮ ಪ್ರೀತಿಯಿಂದ ಒಮ್ಮೆ ನಿಮ್ಮ ಲಿಂಕ್ ಒತ್ತಿ ಅರ್ಧ ನಿಮಿಷದಲ್ಲಿ ಹೊರಬಂದರೆ, ಮುಂದಿನ ವಿಡಿಯೊ ಅವರ ಮುಂದೆ ಬಾರದಿರುವುದು ಸಹಜ. ಇದರಲ್ಲಿ ಅವರದೂ ತಪ್ಪಿಲ್ಲ, ಯೂಟ್ಯೂಬ್‌ನದೂ ತಪ್ಪಿಲ್ಲ.

ಆದ್ದರಿಂದ ಇವತ್ತೇ ಯೂಟ್ಯೂಬ್ ಸ್ಟುಡಿಯೊ ತೆರೆದು, ಅನಲಿಟಿಕ್ಸ್‌ನಲ್ಲಿ ವೀಕ್ಷಣೆಗಳು ಎಲ್ಲಿಂದ ಬಂದಿವೆ ಎಂಬ ಭಾಗವನ್ನು ನೋಡಿ. ‘ಎಕ್ಸ್‌ಟರ್ನಲ್’ ಎಂಬುದನ್ನು ಒತ್ತಿದರೆ ವಾಟ್ಸ್‌ಆ್ಯಪ್‌ನಿಂದ ಎಷ್ಟು, ಫೇಸ್‌ಬುಕ್‌ನಿಂದ ಎಷ್ಟು ಎಂಬುದು ಬಿಡಿಬಿಡಿಯಾಗಿ ಸಿಗುತ್ತದೆ. ಸಂಖ್ಯೆಗಿಂತ ಅದರ ಪಕ್ಕದಲ್ಲಿರುವ ಸರಾಸರಿ ವೀಕ್ಷಣಾ ಅವಧಿಯನ್ನು ಗಮನಿಸಿ. ಯೂಟ್ಯೂಬ್‌ನಲ್ಲಿಯೇ ಹುಡುಕಿ ಬಂದವರು ಐದು ನಿಮಿಷ ನಿಂತು, ವಾಟ್ಸ್‌ಆ್ಯಪ್‌ನಿಂದ ಬಂದವರು ಇಪ್ಪತ್ತು ಸೆಕೆಂಡಿಗೆ ಹೋಗಿದ್ದರೆ, ಕೊರತೆ ವಿಡಿಯೊದಲ್ಲಿಲ್ಲ, ಲಿಂಕ್ ಹಂಚಿದ ಜಾಗದಲ್ಲಿದೆ. ಎರಡೂ ಕಡೆಯವರು ಇಪ್ಪತ್ತು ಸೆಕೆಂಡಿಗೇ ಹೋಗಿದ್ದರೆ ಪ್ರಚಾರದ ಮಾತನ್ನು ಬಿಟ್ಟು ಮೊದಲ ಅರ್ಧ ನಿಮಿಷವನ್ನು ಸರಿಪಡಿಸಿ. ‘ಹಾಯ್ ಫ್ರೆಂಡ್ಸ್, ಲೈಕ್ ಮಾಡಿ, ಬೆಲ್ ಒತ್ತಿ’ ಎಂಬ ದೀರ್ಘ ಮಂಗಳಾಚರಣೆಯನ್ನು ತೆಗೆದರೆ ಅರ್ಧ ಕೆಲಸ ಮುಗಿಯುತ್ತದೆ.

ಇನ್ನು ಸಮುದಾಯಗಳು. ಡಿಸ್ಕಾರ್ಡ್ ಸರ್ವರ್‌ಗಳಲ್ಲಿ ಸ್ವಂತ ಪ್ರಚಾರಕ್ಕೆಂದೇ ಒಂದು ವಿಭಾಗವಿರುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ಅತ್ಯಂತ ನಿರುಪಯುಕ್ತ ಜಾಗ, ಏಕೆಂದರೆ ಅಲ್ಲಿಗೆ ಬರುವವರೆಲ್ಲರೂ ಲಿಂಕ್ ಹಾಕಲು ಬಂದವರು, ನೋಡಲು ಬಂದವರಲ್ಲ. ನೀವು ಇರಬೇಕಾದದ್ದು ಆಟಗಾರರು ಪ್ರಶ್ನೆ ಕೇಳುವ ವಿಭಾಗದಲ್ಲಿ. ‘4 ಜಿಬಿ ರ‍್ಯಾಮ್ ಫೋನಿನಲ್ಲಿ ಎರಾಂಗೆಲ್ ಮ್ಯಾಪ್ ಲ್ಯಾಗ್ ಆಗುತ್ತದೆ, ಏನು ಮಾಡಲಿ’ ಎಂದು ಒಬ್ಬರು ಕೇಳಿದಾಗ, ಗ್ರಾಫಿಕ್ಸ್ ಎಷ್ಟಿರಬೇಕು, ಫ್ರೇಮ್ ರೇಟ್ ಎಷ್ಟಿಡಬೇಕು, ಹಿನ್ನೆಲೆಯಲ್ಲಿ ಯಾವ ಆ್ಯಪ್‌ಗಳನ್ನು ಮುಚ್ಚಬೇಕು ಎಂಬುದನ್ನು ಅಲ್ಲಿಯೇ ಪೂರ್ತಿಯಾಗಿ ಬರೆಯಿರಿ. ಓದಿದವರು ನಿಮ್ಮ ವಿಡಿಯೊ ತೆರೆಯದೆಯೂ ಫೋನ್ ಸರಿಪಡಿಸಿಕೊಳ್ಳುವಂತಿರಬೇಕು. ಅದರ ಕೆಳಗೆ, ಇದನ್ನು ಮಾಡಿ ತೋರಿಸಿದ ವಿಡಿಯೊ ಇದೆ ಎಂದು, ನೇರವಾಗಿ ಆ ಭಾಗಕ್ಕೇ ಹೋಗುವ ಲಿಂಕ್ ಕೊಡಿ. ಹಂಚುವಾಗ ಆರಂಭದ ಸಮಯ ಗುರುತಿಸುವ ಆಯ್ಕೆ ಇದೆ. ವಿವರಣೆಯಲ್ಲಿ 00:00ರಿಂದ ಆರಂಭಿಸಿ ಕನಿಷ್ಠ ಮೂರು ಸಮಯಗಳನ್ನು ಬರೆದು, ಪ್ರತಿ ಭಾಗವೂ ಕನಿಷ್ಠ ಹತ್ತು ಸೆಕೆಂಡು ಇರುವಂತೆ ನೋಡಿಕೊಂಡರೆ ವಿಡಿಯೊ ಅಧ್ಯಾಯಗಳಾಗಿಯೂ ಒಡೆದುಕೊಳ್ಳುತ್ತದೆ. ರೆಡ್ಡಿಟ್‌ನಲ್ಲಿ ಹತ್ತು ಬರಹ ಬರೆದರೆ ಒಂದರಲ್ಲಿ ಮಾತ್ರ ಸ್ವಂತ ಲಿಂಕ್ ಇರಲಿ ಎಂಬ ಹಳೆಯ ರೂಢಿಯಿದೆ. ಅದನ್ನು ಎಲ್ಲ ಕಡೆಯೂ ಪಾಲಿಸಿ.

ನಿಮ್ಮ ಕೈಯಲ್ಲಿರುವ ದೊಡ್ಡ ಬಂಡವಾಳ ನಿಮ್ಮ ಮಾತು. ಸ್ಕ್ವಾಡ್‌ನ ಗೆಳೆಯನಿಗೆ ‘ಏ, ಹಿಂದ ಸರಿಯೋ, ಮ್ಯಾಲೆ ಅದಾನ’ ಎಂದು ಕೂಗುವ ಕಾಮೆಂಟ್ರಿಯನ್ನು ಗದಗ, ಹಾವೇರಿ, ಬಾಗಲಕೋಟೆಯ ಹುಡುಗರು ತಮ್ಮದೆಂದೇ ಕೇಳುತ್ತಾರೆ. ಕ್ಯಾಮೆರಾ ಮುಂದೆ ಅದನ್ನು ತಿದ್ದಿಕೊಳ್ಳಬೇಡಿ. ವಾರಕ್ಕೊಂದು ಸಂಜೆ ನಮ್ಮ ಭಾಗದ ಆಟಗಾರರಿಗಾಗಿ ಕಸ್ಟಮ್ ರೂಮ್ (ನೀವು ಕರೆದವರಷ್ಟೇ ಸೇರಿ ಆಡುವ ಪಂದ್ಯ) ತೆರೆದು, ಆ ಪಂದ್ಯವನ್ನೇ ವಿಡಿಯೊ ಮಾಡಿ. ತಾನು ಆಡಿದ ಪಂದ್ಯದ ವಿಡಿಯೊವನ್ನು ಯಾರೂ ಅರ್ಧಕ್ಕೆ ಬಿಡುವುದಿಲ್ಲ, ಕೇಳದೆಯೇ ತನ್ನ ಗೆಳೆಯರಿಗೂ ಕಳುಹಿಸುತ್ತಾನೆ. ಆದರೆ ಆಡಲು ಶುಲ್ಕ ಪಡೆದು ಗೆದ್ದವರಿಗೆ ಹಂಚುವ ರೂಮ್‌ಗಳನ್ನು ಮಾತ್ರ ನಡೆಸಬೇಡಿ. ಕಾರಣವನ್ನು ಕೆಳಗೆ ಹಾವೇರಿಯವರಿಗೆ ಬರೆದಿದ್ದೇನೆ.

ಮರುಪ್ರಶ್ನೆ (ಮೊದಲ ಪ್ರಶ್ನೆ ಕೇಳಿದವರು):
ಧನ್ಯವಾದಗಳು ಸರ್. ಗುಂಪಿನ ಅಡ್ಮಿನ್‌ಗೆ ಮೊದಲೇ ಕೇಳಬೇಕೇ? ಕೇಳುವುದಾದರೆ ಹೇಗೆ?

ಉತ್ತರ:
ಮೊದಲು ಪಿನ್ ಮಾಡಿದ ನಿಯಮಗಳನ್ನು ಓದಿ. ಲಿಂಕ್ ಬೇಡ ಎಂದು ಬರೆದಿದ್ದರೆ ಕೇಳಲೂಬೇಡಿ. ಏನೂ ಬರೆದಿರದಿದ್ದರೆ ಖಾಸಗಿಯಾಗಿ ಚಿಕ್ಕ ಸಂದೇಶ ಸಾಕು: ‘ನಮಸ್ಕಾರ ಅಣ್ಣಾರ, ನಾನು ಹುಬ್ಬಳ್ಳಿಯಿಂದ. ಕಡಿಮೆ ಬೆಲೆಯ ಫೋನಿನ ಸೆನ್ಸಿಟಿವಿಟಿ ಸೆಟ್ಟಿಂಗ್ ಬಗ್ಗೆ ಗುಂಪಿನಲ್ಲಿ ಪ್ರಶ್ನೆಗಳು ಬರುತ್ತಿರುತ್ತವೆ. ಅದರ ಬಗ್ಗೆ ಬರೆದು, ಜೊತೆಗೆ ನನ್ನ ವಿಡಿಯೊ ಹಾಕಬಹುದೇ? ಬೇಡವೆಂದರೆ ಬರಹವನ್ನಷ್ಟೇ ಹಾಕುತ್ತೇನೆ.’ ನಿಮ್ಮನ್ನು ತೆಗೆದುಹಾಕಿದ ಸರ್ವರ್‌ಗೆ ಬೇರೆ ಖಾತೆಯಿಂದ ಹೋಗಬೇಡಿ.

ಪ್ರಶ್ನೆ (ಗದಗ):
ಸರ್, ನನ್ನದು ಮೈನ್‌ಕ್ರಾಫ್ಟ್ (ಬ್ಲಾಕ್‌ಗಳನ್ನು ಜೋಡಿಸಿ ಕಟ್ಟುವ ಆಟ) ಚಾನೆಲ್. ಕನ್ನಡದಲ್ಲಿ ಈ ಆಟಕ್ಕೆ ದೊಡ್ಡ ಗುಂಪುಗಳು ನನಗೆ ಸಿಗಲಿಲ್ಲ. ಕನ್ನಡದ ವಿಡಿಯೊವನ್ನು ಇಂಗ್ಲಿಷ್ ಗುಂಪಿನಲ್ಲಿ ಹಾಕಿದರೆ ಪ್ರಯೋಜನವಿದೆಯೇ?

ಉತ್ತರ:
ಕಾಮೆಂಟ್ರಿಯ ವಿಡಿಯೊ ಹಾಕಬೇಡಿ, ಕಟ್ಟಿದ್ದನ್ನು ಹಾಕಿ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ದೇವಾಲಯವನ್ನೋ ಗದಗಿನ ತ್ರಿಕೂಟೇಶ್ವರವನ್ನೋ ಬ್ಲಾಕ್‌ಗಳಲ್ಲಿ ಕಟ್ಟಿದರೆ, ಮೂಲ ಗುಡಿಯ ಫೋಟೊದ ಪಕ್ಕದಲ್ಲಿಟ್ಟ ಒಂದು ಸ್ಕ್ರೀನ್‌ಶಾಟ್ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ವಿಡಿಯೊಗೆ ಇಂಗ್ಲಿಷ್ ಕ್ಯಾಪ್ಶನ್ ಸೇರಿಸಿ. ಇನ್ನೊಂದು ಮಾತು: ಮಕ್ಕಳು ಆಡುವ ಆಟವೆಂದು ಪ್ರತಿ ವಿಡಿಯೊವನ್ನೂ ‘ಮಕ್ಕಳಿಗಾಗಿ’ ಎಂದು ಗುರುತಿಸಬೇಡಿ. ಹಾಗೆ ಗುರುತಿಸಿದ ವಿಡಿಯೊಗಳಿಗೆ ಕಮೆಂಟ್ ಬರುವುದಿಲ್ಲ, ಬೆಲ್ ಒತ್ತಿದವರಿಗೂ ಸೂಚನೆ ಹೋಗುವುದಿಲ್ಲ. ಆದರೆ ವಿಡಿಯೊ ನಿಜಕ್ಕೂ ಚಿಕ್ಕ ಮಕ್ಕಳಿಗಾಗಿಯೇ ಮಾಡಿದ್ದಾದರೆ ಗುರುತಿಸಲೇಬೇಕು, ಅದರಲ್ಲಿ ಜಾಣತನ ತೋರಿಸುವಂತಿಲ್ಲ.

ಪ್ರಶ್ನೆ (ಹಾವೇರಿ):
ಚಾನೆಲ್ ಸ್ವಲ್ಪ ಬೆಳೆದ ಕೂಡಲೇ ಕಂಪನಿಯೊಂದರಿಂದ ಇಮೇಲ್ ಬಂದಿದೆ. ಹಣ ಹಾಕಿ ಆಡುವ ಆ್ಯಪ್ ಒಂದನ್ನು ವಿಡಿಯೊದಲ್ಲಿ ಒಂದು ನಿಮಿಷ ತೋರಿಸಿ, ಅದರ ಲಿಂಕನ್ನು ನನ್ನ ಟೆಲಿಗ್ರಾಂ ಗುಂಪಿನಲ್ಲಿ ಹಾಕಿದರೆ ಹಣ ಕೊಡುತ್ತಾರಂತೆ. ಒಪ್ಪಂದದ ಫೈಲನ್ನು ಡೌನ್‌ಲೋಡ್ ಮಾಡಿಕೊಳ್ಳಲು ಹೇಳಿದ್ದಾರೆ.

ಉತ್ತರ:
ಒಪ್ಪಬೇಡಿ. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಡೆಸುವುದನ್ನಷ್ಟೇ ಅಲ್ಲದೆ, ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಜಾಹೀರಾತು ಮಾಡಿದವರಿಗೆ ಎರಡು ವರ್ಷಗಳವರೆಗೆ ಜೈಲು, 50 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನು ಈ ಕಾಯ್ದೆ ಮಾಡುವುದಿಲ್ಲವಾದ್ದರಿಂದ, ‘ನಮ್ಮದು ಕೌಶಲದ ಆಟ’ ಎಂದು ಇಮೇಲ್‌ನಲ್ಲಿ ಬರೆದಿದ್ದರೂ ಅದು ನಿಮ್ಮನ್ನು ಕಾಯುವುದಿಲ್ಲ. ಇ-ಸ್ಪೋರ್ಟ್ಸ್‌ಗೆ (ಸ್ಪರ್ಧೆಯಾಗಿ ನಡೆಸುವ ವಿಡಿಯೊ ಗೇಮ್ ಪಂದ್ಯಗಳಿಗೆ) ಕಾಯ್ದೆಯಲ್ಲಿ ಪ್ರತ್ಯೇಕ ಸ್ಥಾನವಿದೆ, ಆದರೆ ನಾಲ್ಕು ಜನ ಸೇರಿ ಫೋನ್‌ಪೇಯಲ್ಲಿ ಶುಲ್ಕ ಕೂಡಿಸಿ ನಡೆಸುವ ಕಸ್ಟಮ್ ರೂಮ್ ತಾನಾಗಿಯೇ ಇ-ಸ್ಪೋರ್ಟ್ಸ್ ಆಗುವುದಿಲ್ಲ.

ಫೈಲನ್ನಂತೂ ತೆರೆಯಲೇಬೇಡಿ. ಪ್ರಾಯೋಜಕರ ಹೆಸರಿನಲ್ಲಿ ಇಂಥ ಫೈಲ್ ಕಳುಹಿಸಿ, ನಿಮ್ಮ ಬ್ರೌಸರ್‌ನಲ್ಲಿರುವ ಲಾಗಿನ್ ಗುರುತನ್ನೇ ಕದ್ದು ಚಾನೆಲ್ ವಶಪಡಿಸಿಕೊಳ್ಳುವ ವಂಚನೆ ಹಲವು ವರ್ಷಗಳಿಂದ ನಡೆಯುತ್ತಿದೆ. ಇದರಲ್ಲಿ ಪಾಸ್‌ವರ್ಡ್ ಆಗಲಿ, ಎರಡು ಹಂತದ ಪರಿಶೀಲನೆಯಾಗಲಿ ಅಡ್ಡ ಬರುವುದಿಲ್ಲ. ಈಗಾಗಲೇ ತೆರೆದಿದ್ದರೆ, ಬೇರೊಂದು ಸಾಧನದಿಂದ ಗೂಗಲ್ ಖಾತೆಗೆ ಹೋಗಿ ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ.

ಪ್ರಶ್ನೆ (ತಾಯಿ, ನವನಗರ):
ಸರ್, ನನ್ನ ಮಗನಿಗೆ ಹದಿನೈದು ವರ್ಷ. ಆಡುವಾಗ ಲೈವ್ ಹೋಗುತ್ತೇನೆ ಎನ್ನುತ್ತಾನೆ. ನೋಡುವವರಿಗಾಗಿ ತನ್ನ ನಂಬರಿನಿಂದ ವಾಟ್ಸ್‌ಆ್ಯಪ್ ಗುಂಪನ್ನೂ ಮಾಡಿದ್ದಾನೆ. ಬಿಡಬಹುದೇ?

ಉತ್ತರ:
ಅಕ್ಕಾರ, ಒಬ್ಬನೇ ಲೈವ್ ಹೋಗಲು ಯೂಟ್ಯೂಬ್‌ನಲ್ಲಿ ಕನಿಷ್ಠ 16 ವರ್ಷ ಆಗಿರಬೇಕೆಂಬ ನಿಯಮ 2025ರ ಜುಲೈ 22ರಿಂದ ಜಾರಿಯಲ್ಲಿದೆ. ಅಲ್ಲಿಯವರೆಗೆ ರೆಕಾರ್ಡ್ ಮಾಡಿದ ವಿಡಿಯೊ ಹಾಕಲಿ. ಎಡಿಟಿಂಗ್ ಕಲಿಯಲು ಅದೇ ಒಳ್ಳೆಯದು. ವಾಟ್ಸ್‌ಆ್ಯಪ್ ಗುಂಪನ್ನು ಮಾತ್ರ ಇವತ್ತೇ ಮುಚ್ಚಿಸಿ, ಏಕೆಂದರೆ ಅದರಲ್ಲಿ ಸೇರಿದ ಅಪರಿಚಿತರೆಲ್ಲರಿಗೂ ಅವನ ನಂಬರ್ ಕಾಣುತ್ತದೆ, ಸೇರಿದ ಬೇರೆ ಮಕ್ಕಳ ನಂಬರ್‌ಗಳೂ ಕಾಣುತ್ತವೆ. ಅದರ ಬದಲು ನಿಮ್ಮ ಫೋನಿನಿಂದ ವಾಟ್ಸ್‌ಆ್ಯಪ್ ಚಾನೆಲ್ ತೆರೆದು ಕೊಡಿ. ಅದರಲ್ಲಿ ನಡೆಸುವವರ ನಂಬರ್ ಅನುಸರಿಸುವವರಿಗೆ ಕಾಣುವುದಿಲ್ಲ, ಅನುಸರಿಸುವವರ ನಂಬರ್ ಪರಸ್ಪರರಿಗೂ ಕಾಣುವುದಿಲ್ಲ. ವಿಡಿಯೊದಲ್ಲಿ ಶಾಲೆಯ ಸಮವಸ್ತ್ರ, ಮನೆಯ ಮುಂದಿನ ರಸ್ತೆ, ಟ್ಯೂಷನ್ನಿಗೆ ಹೋಗುವ ಹೊತ್ತು ಬಾರದಂತೆ, ಹಾಕುವ ಮೊದಲು ಒಮ್ಮೆ ನೀವೂ ಕುಳಿತು ನೋಡಿ.