ಪದಚರ್ಚೆ: ಸಿಂಗಲ್ ಮಾಲ್ಟ್‌ನ ‘ಬ್ಯಾಚ್’ಗೆ ‘ಒಬ್ಬೆ’ ಒಪ್ಪುತ್ತದೆಯೇ?

ಬಳಗದ ಎಲ್ಲರಿಗೂ ಪುಣೆಯಿಂದ ನಮಸ್ಕಾರ.

ಇಲ್ಲಿನ ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ವಿಸ್ಕಿಯ ಬಗ್ಗೆ ಒಂದು ಲೇಖನ ಬಂದಿದೆ. ಒಂದೇ ಹೆಸರಿನ, ಒಂದೇ ವಯಸ್ಸಿನ ಸಿಂಗಲ್ ಮಾಲ್ಟ್ ಎರಡು ಬಾಟಲಿಗಳಲ್ಲಿ ಎರಡು ರುಚಿ ಕೊಡುವುದೇಕೆ ಎಂಬುದು ಅದರ ವಿಷಯ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಲೇಖಕರು ಕಾರಣಗಳನ್ನು ಸರಿಯಾಗಿಯೇ ಹೇಳಿದ್ದಾರೆ, ಆದರೆ ಎಲ್ಲದಕ್ಕೂ ‘ರುಚಿವ್ಯತ್ಯಾಸ’ ಎಂಬ ಒಂದೇ ಪದ ಬಳಸಿದ್ದಾರೆ. ವ್ಯತ್ಯಾಸ ವಿಸ್ಕಿಯನ್ನು ಮಾಗಿಸುವ ಮರದ ಪೀಪಾಯಿಯಲ್ಲಿ ಹುಟ್ಟಿದ್ದೋ, ಬಾಟಲಿ ತುಂಬುವಲ್ಲಿ ಆದದ್ದೋ, ಕೊಂಡವರ ಕಪಾಟಿನಲ್ಲಿ ಬಂದದ್ದೋ ಓದುಗರಿಗೆ ತಿಳಿಯುವುದಿಲ್ಲ. ಇವಕ್ಕೆ ಬೇರೆ ಬೇರೆ ಪದ ಬೇಕೆಂಬುದು ನನ್ನ ಹಟ. ಮುಖ್ಯವಾಗಿ, ಒಮ್ಮೆಗೆ ತುಂಬಿದ ಬಾಟಲಿಗಳ ಗುಂಪಾದ ‘ಬ್ಯಾಚ್’ಗೆ ಅಡುಗೆಮನೆಯ ‘ಒಬ್ಬೆ’ ಒಪ್ಪುತ್ತದೆಯೇ ಎಂದು ನಿಮ್ಮನ್ನು ಕೇಳಬೇಕಿದೆ.

ಮೊದಲು ‘ಸಿಂಗಲ್’. ಲೇಖನದಲ್ಲಿ ಇದು ‘ಏಕಧಾನ್ಯ ಮದ್ಯ’ ಆಗಿದೆ. ಇದು ನಡೆಯುವುದಿಲ್ಲ. ಇಲ್ಲಿ ‘ಸಿಂಗಲ್’ ಎಂದರೆ ಒಂದೇ ಭಟ್ಟಿಮನೆ (ಡಿಸ್ಟಿಲರಿ). ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ‘ಮಾಲ್ಟ್’. ಅದರ ಮೇಲೆ ಸ್ಕಾಟ್ಲೆಂಡಿನಲ್ಲಿ ‘ಸಿಂಗಲ್ ಗ್ರೇನ್’ ಎಂಬ ಬೇರೆಯೇ ವರ್ಗವಿದೆ. ‘ಏಕಧಾನ್ಯ’ ಎಂದರೆ ನೇರವಾಗಿ ಅದರ ಮಡಿಲಿಗೆ ಬೀಳುತ್ತೇವೆ. ‘ಒಂಟಿ ಮಾಲ್ಟ್’ ಅಂತೂ ಬೇಡವೇ ಬೇಡ, ಒಂದೇ ಪೀಪಾಯಿಯಿಂದ ಬಂದದ್ದು ಎಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆ ಈಗಾಗಲೇ ಸಾಕಷ್ಟಿದೆ. ‘ಸಿಂಗಲ್ ಅಂದ ಮೇಲೆ ರುಚಿ ಹೇಗೆ ಬದಲಾಗುತ್ತದೆ, ಇದು ನಕಲಿಯೇ ಇರಬೇಕು’ ಎಂದು ಬಲ್ಲವರೇ ವಾದಿಸುವುದನ್ನು ಕೇಳಿದ್ದೇನೆ. ನನ್ನ ಮತ ‘ಸಿಂಗಲ್ ಮಾಲ್ಟ್’ ಎಂದೇ ಉಳಿಸಿಕೊಳ್ಳಬೇಕೆಂಬುದು.

ಈ ಒಂದು ಪದಕ್ಕಾಗಿ ಸ್ಕಾಟ್ಲೆಂಡಿನವರೇ ಜಗಳವಾಡಿದ್ದಾರೆ. 2003ರಲ್ಲಿ ಡಿಯಾಜಿಯೊ ಎಂಬ ಮದ್ಯದ ಕಂಪನಿ ಬೇಡಿಕೆಗೆ ತಕ್ಕಷ್ಟು ಸರಕು ಸಾಲದೆ ತನ್ನ ಕಾರ್ಡು ಸಿಂಗಲ್ ಮಾಲ್ಟ್‌ಗೆ ಬೇರೆ ಭಟ್ಟಿಮನೆಗಳ ಮಾಲ್ಟ್ ಸೇರಿಸಿ, ಹೆಸರನ್ನು ‘ಪ್ಯೂರ್ ಮಾಲ್ಟ್’ ಎಂದು ಬದಲಿಸಿತು. ಬಾಟಲಿಯ ರೂಪ ಹೆಚ್ಚುಕಡಿಮೆ ಹಳೆಯದೇ. ಉಳಿದ ತಯಾರಕರು ತಿರುಗಿಬಿದ್ದರು, ಕೊನೆಗೆ ಅದನ್ನು ಹಿಂತೆಗೆಯಬೇಕಾಯಿತು. ಮುಂದೆ 2009ರ ಸ್ಕಾಚ್ ವಿಸ್ಕಿ ನಿಯಮಗಳು ‘ಪ್ಯೂರ್ ಮಾಲ್ಟ್’, ‘ವ್ಯಾಟೆಡ್ ಮಾಲ್ಟ್’ ಎಂಬ ಹೆಸರುಗಳನ್ನು ಲೇಬಲ್ಲಿನಿಂದ ತೆಗೆದುಹಾಕಿ, ಹಲವು ಭಟ್ಟಿಮನೆಗಳ ಮಾಲ್ಟ್ ಕೂಡಿದ್ದಕ್ಕೆ ‘ಬ್ಲೆಂಡೆಡ್ ಮಾಲ್ಟ್’ ಎಂಬ ಹೆಸರನ್ನು ಗೊತ್ತುಮಾಡಿದವು.

ಒಂದೇ ಭಟ್ಟಿಮನೆಯೊಳಗೂ ಕೂಡಿಸುವ ಕೆಲಸ ಇದ್ದೇ ಇದೆ. ‘12 ವರ್ಷ’ ಎಂದರೆ ಬಾಟಲಿಯಲ್ಲಿರುವ ಅತ್ಯಂತ ಕಿರಿಯ ವಿಸ್ಕಿಯ ವಯಸ್ಸು ಅಷ್ಟು, ಅದರ ಜೊತೆಗೆ ಹಿರಿಯವೂ ಇರಬಹುದು. ಪೀಪಾಯಿಗಳೂ ಒಂದೇ ಬಗೆಯವಲ್ಲ. ಅಮೆರಿಕದ ಕಾನೂನಿನ ಪ್ರಕಾರ ಅಲ್ಲಿನ ವಿಸ್ಕಿಯಾದ ಬೋರ್ಬನ್‌ಗೆ ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯೇ ಬೇಕು. ಹಾಗಾಗಿ ಅಲ್ಲಿ ಒಮ್ಮೆ ಬಳಸಿದ ಸುಮಾರು 200 ಲೀಟರಿನ ಪೀಪಾಯಿಗಳು ಸ್ಕಾಟ್ಲೆಂಡಿಗೆ ಸಾಗುತ್ತವೆ. ಶೆರಿ ಎಂಬ ಸ್ಪೇನಿನ ವೈನಿನ ದೊಡ್ಡ ಪೀಪಾಯಿ ಸುಮಾರು 500 ಲೀಟರ್. ಅಕ್ಕಪಕ್ಕ ಮಲಗಿಸಿದ ಒಂದೇ ದಿನದ ಎರಡು ಪೀಪಾಯಿಗಳೂ ಒಂದೇ ರೀತಿ ಮಾಗುವುದಿಲ್ಲ. ಅವನ್ನೆಲ್ಲ ಮೂಸಿ, ರುಚಿ ನೋಡಿ, ಹೋದ ಸಲದ ಹತ್ತಿರಕ್ಕೆ ತರುವುದು ಅಲ್ಲಿನ ಪರಿಣತರ ಕಸುಬು. ಹತ್ತಿರಕ್ಕೆ ತರಬಹುದು, ಅಷ್ಟೇ.

ಇದನ್ನು ‘ಬೆರೆಸುವುದು’ ಎಂದು ಬರೆದರೆ ಓದುಗರ ಮನಸ್ಸು ತಕ್ಷಣ ‘ಕಲಬೆರಕೆ’ಯತ್ತ ಓಡುತ್ತದೆ. ‘ಹದಗೂಡಿಸುವುದು’ ಎಂದು ತಿದ್ದಿದ್ದೇನೆ.

ಹೀಗೆ ಒಮ್ಮೆ ಹದಗೂಡಿಸಿ ತುಂಬಿದ ಬಾಟಲಿಗಳ ಗುಂಪೇ ‘ಬ್ಯಾಚ್’, ನನ್ನ ಮುಖ್ಯ ಪ್ರಶ್ನೆ ಇದರದ್ದು. ‘ತಂಡ’ ಎಂದರೆ ವಿದ್ಯಾರ್ಥಿಗಳು ನೆನಪಾಗುತ್ತಾರೆ, ‘ಕಂತು’ ಎಂದರೆ ಸಾಲ. ನಮ್ಮ ಮೈಸೂರು ಕಡೆಯ ಅಡುಗೆಮನೆಯಲ್ಲಿ ಚಕ್ಕುಲಿ ಕರಿಯುವಾಗ ‘ಇನ್ನೊಂದು ಒಬ್ಬೆ ಆದರೆ ಮುಗಿಯಿತು’ ಎನ್ನುತ್ತಾರೆ. ಇಲ್ಲಿ ಕೋಥ್ರುಡ್‌ನ ನೆರೆಮನೆಯ ಕಾಕೂ ದೀಪಾವಳಿಯಲ್ಲಿ ಅದನ್ನೇ ಮರಾಠಿಯಲ್ಲಿ ‘ಘಾಣಾ’ ಎನ್ನುತ್ತಾರೆ. ಹಿಟ್ಟು ಅದೇ, ಕೈ ಅದೇ, ಆದರೂ ಅವರ ಮೊದಲ ಘಾಣಾ ಬಿಳಿಚಿಕೊಂಡಿರುತ್ತದೆ, ಕೊನೆಯದು ಕೆಂಪಗೆ ಗರಿಯಾಗಿರುತ್ತದೆ. ಬ್ಯಾಚ್‌ನ ಗುಣ ಇದೇ ತಾನೇ? ಸ್ಕಾಟ್ಲೆಂಡಿನ ಅಬರ್ಲವರ್ ಭಟ್ಟಿಮನೆಯವರ ‘ಅಬುನಾ’ ವಿಸ್ಕಿ ಬ್ಯಾಚ್‌ನ ಸಂಖ್ಯೆಯನ್ನು ಲೇಬಲ್ಲಿನ ಮೇಲೆಯೇ ಮುದ್ರಿಸುತ್ತದೆ. ನೀರು ಸೇರಿಸಿ ತೆಳುಮಾಡದೆ ಪೀಪಾಯಿಯ ತೀವ್ರತೆಯಲ್ಲೇ ತುಂಬುವುದರಿಂದ ಅದರ ಮದ್ಯಸಾರದ ಪ್ರಮಾಣವೂ ಪ್ರತಿ ಒಬ್ಬೆಗೆ ಬದಲಾಗುತ್ತದೆ. ಕೂಟದ ಹಿರಿಯರೊಬ್ಬರ ಆಕ್ಷೇಪವೆಂದರೆ, ಒಬ್ಬೆ ಒಲೆಯ ಪದ, ಅದು ಬಟ್ಟಿ ಇಳಿಸುವುದಕ್ಕೆ ಹೊಂದೀತು, ಬಾಟಲಿ ತುಂಬುವುದಕ್ಕಲ್ಲ. ಬಟ್ಟಿಗೆ ‘ಬಟ್ಟಿ’ ಎಂಬ ಪದವೇ ಇರುವಾಗ ಒಬ್ಬೆಯನ್ನು ಇಲ್ಲಿಗೆ ಬಿಟ್ಟುಕೊಡಬಾರದೇಕೆ?

ಕೆಲವು ಸಲ ಒಬ್ಬೆಯ ಪ್ರಶ್ನೆಯೇ ಇರುವುದಿಲ್ಲ. ಬಾಲ್ವೆನೀ 12 ವರ್ಷದ ಡಬಲ್‌ವುಡ್ ವಿಸ್ಕಿಯ ಮದ್ಯಸಾರ ಬ್ರಿಟನ್ನಿನಲ್ಲಿ ಶೇಕಡಾ 40, ಅಮೆರಿಕದಲ್ಲಿ 43. ಯಾರದೋ ಸೂಟ್‌ಕೇಸಿನಲ್ಲಿ ಬಂದ ಬಾಟಲಿಯನ್ನು ಇನ್ನೊಂದರ ಪಕ್ಕ ಇಟ್ಟು ವಾದ ಹೂಡುವವರು ಮೊದಲು ಈ ಅಂಕಿ ನೋಡಬೇಕು.

ಮನೆಯಲ್ಲಾಗುವ ಬದಲಾವಣೆಗೆ ನಮ್ಮಲ್ಲಿ ಪದಗಳ ಬರವಿಲ್ಲ. ಗಾಜಿನೊಳಗೆ ವಿಸ್ಕಿ ಮಾಗುವುದಿಲ್ಲ. ಮುಚ್ಚಳ ತೆರೆದು, ಅರ್ಧ ಖಾಲಿ ಮಾಡಿ, ತಿಂಗಳುಗಟ್ಟಲೆ ಇಟ್ಟರೆ ಗಾಳಿ ಸೋಕಿ ‘ಕಂಪು ಆರುತ್ತದೆ’. ಬಿರಟೆ ಕೆಟ್ಟಿದ್ದರೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಅದಕ್ಕೆ ಲೇಖಕರು ‘ಬೂಷ್ಟುಗಂಧದೋಷ’ ಎಂದು ಬರೆದಿದ್ದರು. ‘ಮುಗ್ಗಲು ವಾಸನೆ’ ಇರುವಾಗ ಈ ಸರ್ಕಸ್ ಏಕೆ? ವೈನಿನಂತೆ ವಿಸ್ಕಿಯ ಬಾಟಲಿಯನ್ನು ಮಲಗಿಸಿದರೆ ಮದ್ಯಸಾರ ಬಿರಟೆಯನ್ನು ತಿನ್ನುತ್ತದೆ, ನಿಲ್ಲಿಸಿಯೇ ಇಡಬೇಕು.

ಇನ್ನೊಂದು, ಕೇವಲ ನನ್ನ ಚಪಲ. ಪೀಪಾಯಿಯಿಂದ ಆವಿಯಾಗಿ ಹೋಗುವ ಅಂಶಕ್ಕೆ ಅವರು ‘ಏಂಜಲ್ಸ್ ಶೇರ್’ ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇಕಡಾ 2ರ ಆಸುಪಾಸು, ಬೆಂಗಳೂರು ಗೋವಾಗಳ ಸೆಕೆಯಲ್ಲಿ ಅದರ ಹಲವು ಪಟ್ಟು. ಬೆಂಗಳೂರಿನ ಅಮೃತ್ ಭಟ್ಟಿಮನೆಯವರು 2013ರಲ್ಲಿ 8 ವರ್ಷದ ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಲೇಖನದಲ್ಲಿ ‘ದೇವದೂತರ ಪಾಲು’ ಎಂದಿದೆ. ವೇದಗಳಲ್ಲಿ ಸೋಮಕ್ಕೆ ಕಾವಲಿರುವವನು ಗಂಧರ್ವ, ಹೆಸರಿನಲ್ಲೇ ಗಂಧ ಬೇರೆ ಕೇಳಿಸುತ್ತದೆ. ‘ಗಂಧರ್ವರ ಪಾಲು’ ಎನ್ನೋಣವೇ?

ಧಾರವಾಡ, ಬೆಳಗಾವಿ ಮತ್ತು ಕರಾವಳಿಯ ಮಿತ್ರರು ದಯವಿಟ್ಟು ತಿಳಿಸಿ: ಒಬ್ಬೆ ನಿಮ್ಮ ಕಡೆ ಬಳಕೆಯಲ್ಲಿದೆಯೇ, ಇಲ್ಲವಾದರೆ ಕರಿಯುವಾಗ ಏನನ್ನುತ್ತೀರಿ? ‘ಘಾಣಾ’ ಗಡಿ ದಾಟಿ ನಿಮ್ಮ ಕನ್ನಡಕ್ಕೆ ಬಂದಿದ್ದರೆ ಅದನ್ನೂ ಬರೆಯಿರಿ. ಕರಡು ಇನ್ನೂ ನನ್ನ ಬಳಿಯೇ ಇದೆ.